ಸ್ನೂಕರ್ ಹಂಗಾಮು: ಒಬ್ಬನೇ ಗಿರಾಕಿಯನ್ನು ನಂಬಿದವರ ಲೆಕ್ಕ

ನಮ್ಮ ಭಾಗದ ವರ್ತಕರು ವರ್ಷವನ್ನು ಹಂಗಾಮುಗಳಲ್ಲಿ ಎಣಿಸುತ್ತಾರೆ. ಗಂಗಾವತಿ, ಕಾರಟಗಿಗಳ ಅಕ್ಕಿ ಗಿರಣಿಗಳಿಗೆ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಕೊಯ್ಲಾದ ಮೇಲೆ ಹಂಗಾಮು ತೆರೆಯುತ್ತದೆ. ಕುಷ್ಟಗಿ, ಯಲಬುರ್ಗಾಗಳ ಮಳೆಯಾಶ್ರಿತ ಹೊಲಗಳ ಫಸಲನ್ನು ಕೊಳ್ಳುವವರು ಮುಂಗಾರು ಹಿಂಗಾರುಗಳ ದಾರಿ ಕಾಯುತ್ತಾರೆ. ಹುಲಿಹೈದರದಂತಹ ಊರಿನ ಕಿರಾಣಿ ವರ್ತಕನ ಉದರಿ ಖಾತೆ ತೀರುವುದೂ ಫಸಲು ಪೇಟೆ ಸೇರಿದ ಮೇಲೆಯೇ. ಹಂಗಾಮಿನಲ್ಲಿ ಬಂದ ಹಣವನ್ನು ವರ್ಷವಿಡೀ ಹೊಂದಿಸಿಕೊಳ್ಳುವ ಕಷ್ಟ ನಮ್ಮ ಸದಸ್ಯರಿಗೆ ಹೊಸದಾಗಿ ಹೇಳಬೇಕಾದದ್ದಲ್ಲ.

ಹೀಗೆಯೇ ಹಂಗಾಮನ್ನು ನಂಬಿ ಬದುಕುವ ಒಂದು ಕ್ರೀಡಾವೃತ್ತಿಯ ಜಮಾ-ಖರ್ಚನ್ನು ಈ ತಿಂಗಳು ಪರಿಶೀಲಿಸೋಣ. ಅದು ಸ್ನೂಕರ್. ಜಿಲ್ಲಾ ಕೇಂದ್ರಗಳ ಪಾರ್ಲರುಗಳಲ್ಲಿ ತರುಣರು ಸಂಜೆ ಕಳೆಯುವ ಆಟವೆಂದು ಮಾತ್ರ ಇದನ್ನು ಬಲ್ಲವರು ಹೆಚ್ಚು. ಆದರೆ ವೃತ್ತಿಪರ ಸ್ನೂಕರಿನ ಹಂಗಾಮು ಒಂದು ಅಂತರರಾಷ್ಟ್ರೀಯ ವ್ಯವಹಾರವಾಗಿದ್ದು, ಕಳೆದ ಐವತ್ತು ವರ್ಷಗಳಲ್ಲಿ ಅದು ಒಬ್ಬ ದೊಡ್ಡ ಗಿರಾಕಿಯಿಂದ ಇನ್ನೊಬ್ಬ ದೊಡ್ಡ ಗಿರಾಕಿಯ ಕಡೆಗೆ ವಾಲುತ್ತ ಬಂದಿದೆ. ಪ್ರತಿ ಸಲ ಗಿರಾಕಿ ಕೈಬಿಟ್ಟಾಗ ಪೆಟ್ಟು ಯಾರಿಗೆ ಬಿತ್ತು ಎಂಬುದು ವ್ಯಾಪಾರಿಗಳು ಗಮನಿಸಬೇಕಾದ ವಿಷಯ.

ಭಾರತದಲ್ಲಿ ಹುಟ್ಟಿದ ಆಟ

ಸ್ನೂಕರ್ ಹುಟ್ಟಿದ್ದು ನಮ್ಮ ದೇಶದಲ್ಲೇ. 1875ರಲ್ಲಿ ಜಬಲ್ಪುರದ ಸೇನಾ ಶಿಬಿರದಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಅಧಿಕಾರಿ, ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಇದನ್ನು ರೂಪಿಸಿದನೆಂಬುದು ಸಾಮಾನ್ಯವಾಗಿ ಒಪ್ಪಿರುವ ಇತಿಹಾಸ. ಮುಂದೆ ಉದಕಮಂಡಲದ ಕ್ಲಬ್ಬಿನಲ್ಲಿ ನಿಯಮಗಳು ಬರವಣಿಗೆಗೆ ಬಂದವು. ಹದಿನೈದು ಕೆಂಪು, ಆರು ಬಣ್ಣದ ಮತ್ತು ಒಂದು ಬಿಳಿ, ಹೀಗೆ ಒಟ್ಟು 22 ಚೆಂಡುಗಳು. ಪ್ರತಿ ಕೆಂಪಿನ ಹಿಂದೆ ಏಳು ಅಂಕದ ಕಪ್ಪು ಚೆಂಡನ್ನೇ ಹಾಕಿ, ಕೊನೆಗೆ ಆರು ಬಣ್ಣಗಳನ್ನೂ ಮುಗಿಸಿದರೆ 147 ಅಂಕ. ಸಾಮಾನ್ಯವಾಗಿ ಇದೇ ಗರಿಷ್ಠ ಎಂದು ಎಣಿಸುತ್ತಾರೆ.

ಉತ್ಪಾದಕರಿಗೆ ಈ ಆಟದ ಸಾಮಗ್ರಿಯೇ ಒಂದು ಪಾಠ. ಹನ್ನೆರಡು ಅಡಿ ಉದ್ದ, ಆರು ಅಡಿ ಅಗಲದ ಮೇಜಿನ ಒಳಗೆ ಸ್ಲೇಟ್ ಕಲ್ಲಿನ ಹಲಗೆಗಳಿರುತ್ತವೆ, ಮೇಲೆ ಉಣ್ಣೆಯ ಹಸಿರು ಬಟ್ಟೆ. ಟೂರಿನ ಬಟ್ಟೆ ಸ್ಟ್ರಾಚನ್ ಹೆಸರಿನ ಇಂಗ್ಲಿಷ್ ನೇಯ್ಗೆ. ಚೆಂಡುಗಳು ಬೆಲ್ಜಿಯಂನ ಸಲುಕ್ ಕಂಪನಿ ಅರಾಮಿತ್ ಹೆಸರಿನಲ್ಲಿ ಫೀನಾಲಿಕ್ ರಾಳದಿಂದ ಮಾಡುವಂಥವು. ಇಂಗ್ಲೆಂಡಿನ ರೈಲಿ ಮೇಜುಗಳಿದ್ದ ಜಾಗಕ್ಕೆ ಚೀನಾದ ಸ್ಟಾರ್ ಮೇಜುಗಳು ಬಂದಿವೆ. ಒಂದು ಚಿಕ್ಕ ಆಟದಲ್ಲಿ ಒಂದೊಂದು ವಸ್ತುವನ್ನು ಮಾತ್ರ ಚೆನ್ನಾಗಿ ಮಾಡಿ ಜಗತ್ತಿಗೆಲ್ಲ ಮಾರುವವರಿದ್ದಾರೆ. ಗಮನ ತಪ್ಪಿದರೆ ನೂರು ವರ್ಷದ ಹೆಸರೂ ಜಾಗ ಕಳೆದುಕೊಳ್ಳುತ್ತದೆ.

ಆಟಗಾರನೇ ಸ್ವಂತ ಅಂಗಡಿಯ ಮಾಲೀಕ

ಕ್ರಿಕೆಟ್ ತಂಡದ ಆಟಗಾರನಿಗೆ ಒಪ್ಪಂದದ ಸಂಬಳವಿರುತ್ತದೆ. ವೃತ್ತಿಪರ ಸ್ನೂಕರ್ ಆಟಗಾರನಿಗೆ ಸಂಬಳವಿಲ್ಲ. ಅವನು ಸ್ವಂತ ಉದ್ಯೋಗಿ. ವಿಮಾನದ ಟಿಕೆಟ್, ಹೋಟೆಲ್, ಅಭ್ಯಾಸದ ಕ್ಲಬ್ಬಿನ ಬಾಡಿಗೆ, ತರಬೇತುದಾರನ ಶುಲ್ಕ ಇವೆಲ್ಲ ಮುಖ್ಯವಾಗಿ ಅವನ ಖರ್ಚು. ಗೆದ್ದ ಬಹುಮಾನ ಅವನ ಜಮಾ. ವೃತ್ತಿ ಟೂರಿನಲ್ಲಿ ಸುಮಾರು 128 ಮಂದಿಗೆ ಸ್ಥಾನವಿದ್ದು, ಹೊಸಬರಿಗೆ ಎರಡು ವರ್ಷದ ಅವಧಿಯ ಕಾರ್ಡು ಸಿಗುತ್ತದೆ. ಅವಧಿ ಮುಗಿದಾಗ ಮೊದಲ 64ರೊಳಗೆ ಇರದವರು ಬೇರೆ ದಾರಿಗಳಲ್ಲಿ ಅರ್ಹತೆ ಪಡೆಯಬೇಕು, ಇಲ್ಲವಾದರೆ ಮನೆಗೆ ಮರಳಬೇಕು. 2011ರಿಂದ ಇರುವ ಕ್ಯೂ ಸ್ಕೂಲ್ ಎಂಬ ಅರ್ಹತಾ ಸ್ಪರ್ಧೆ ಅಂಥ ಒಂದು ದಾರಿ.

2014ರಿಂದ ರ‍್ಯಾಂಕಿಂಗ್ ಅನ್ನು ಗಳಿಸಿದ ಹಣದ ಮೇಲೆಯೇ ನಿರ್ಧರಿಸಲಾಗುತ್ತದೆ. ಹಿಂದಿನ ಎರಡು ವರ್ಷಗಳ ರ‍್ಯಾಂಕಿಂಗ್ ಪಂದ್ಯಾವಳಿಗಳ ಬಹುಮಾನದ ಮೊತ್ತವೇ ಆಟಗಾರನ ಅಂಕ. ಎರಡು ವರ್ಷ ತುಂಬಿದ ಜಮಾ ಪುಸ್ತಕದಿಂದ ತಾನಾಗಿ ಅಳಿಸಿಹೋಗುತ್ತದೆ. ಬೆಲ್ಜಿಯಂನ ಲೂಕಾ ಬ್ರೆಸೆಲ್ 2023ರಲ್ಲಿ ವಿಶ್ವ ಚಾಂಪಿಯನ್ ಆಗಿ 5 ಲಕ್ಷ ಪೌಂಡ್ ಗಳಿಸಿದರು. ಆ ಮೊತ್ತ 2025ರಲ್ಲಿ ಲೆಕ್ಕದಿಂದ ಕಳಚಿದಾಗ ಅವರು ಮೊದಲ ಹದಿನಾರರ ಪಟ್ಟಿಯಿಂದ ಹೊರಬಿದ್ದರು. ಒಂದು ದೊಡ್ಡ ಆರ್ಡರಿನ ಬಲದ ಮೇಲೆ ಗೋದಾಮು ಕಟ್ಟಿಸಿ, ಅದೇ ಆರ್ಡರು ಮರುವರ್ಷ ಬಾರದಿದ್ದಾಗ ಕಂಗಾಲಾದ ಉದ್ಯಮಿಗಳನ್ನು ನಾವೂ ಕಂಡಿದ್ದೇವೆ.

ಹಂಗಾಮು ಜೂನ್-ಜುಲೈ ಹೊತ್ತಿಗೆ ಆರಂಭವಾಗಿ ಮುಂದಿನ ಮೇ ತಿಂಗಳ ಮೊದಲ ವಾರದಲ್ಲಿ ಮುಗಿಯುತ್ತದೆ. 2024-25ರ ಹಂಗಾಮಿನಲ್ಲಿ 18 ರ‍್ಯಾಂಕಿಂಗ್ ಪಂದ್ಯಾವಳಿಗಳಿದ್ದವು. ಅವುಗಳಲ್ಲಿ 11 ಬ್ರಿಟನ್ನಿನಲ್ಲಿ, ಒಂದು ಬರ್ಲಿನ್ನಿನಲ್ಲಿ, ಐದು ಹಾಂಗ್‌ಕಾಂಗ್ ಸೇರಿದಂತೆ ಚೀನಾದಲ್ಲಿ ಮತ್ತು ಒಂದು ಸೌದಿ ಅರೇಬಿಯಾದಲ್ಲಿ ನಡೆದವು. ಮೊದಲ 16 ಮಂದಿಗೆ ಮಾತ್ರ ಆಹ್ವಾನವಿರುವ ಲಂಡನ್ನಿನ ಮಾಸ್ಟರ್ಸ್ ಇದಕ್ಕೆ ಹೊರತಾದದ್ದು. ಹಂಗಾಮಿನ ಕೊನೆಯ ಜಾತ್ರೆಯೆಂದರೆ ಶೆಫೀಲ್ಡಿನ ಕ್ರೂಸಿಬಲ್ ರಂಗಮಂದಿರದಲ್ಲಿ 17 ದಿನ ನಡೆಯುವ ವಿಶ್ವ ಚಾಂಪಿಯನ್‌ಷಿಪ್.

ಮೊದಲ ದೊಡ್ಡ ಗಿರಾಕಿ: ಸಿಗರೇಟು

1927ರಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಜೋ ಡೇವಿಸ್‌ಗೆ ಸಿಕ್ಕಿದ್ದು 6 ಪೌಂಡ್ 10 ಶಿಲಿಂಗ್. ಅವರು 1946ರವರೆಗೆ 15 ಬಾರಿ ಚಾಂಪಿಯನ್ ಆದರು. ಅವರು ನಿವೃತ್ತರಾದ ಮೇಲೆ ಸ್ಪರ್ಧೆಯ ಆಕರ್ಷಣೆ ಕುಂದಿ, 1957ರ ನಂತರ 1964ರವರೆಗೆ ವಿಶ್ವ ಚಾಂಪಿಯನ್‌ಷಿಪ್ ನಡೆಯಲೇ ಇಲ್ಲ. ಒಬ್ಬ ವ್ಯಕ್ತಿಯ ಹೆಸರಿನ ಮೇಲೆ ನಿಂತ ಅಂಗಡಿಗೆ ಉತ್ತರಾಧಿಕಾರಿ ಇಲ್ಲದಾಗ ಹೀಗೇ ಆಗುತ್ತದೆ.

ಆಟ ಮತ್ತೆ ಚಿಗುರಿದ್ದು ದೂರದರ್ಶನಕ್ಕೆ ಬಣ್ಣ ಬಂದಾಗ. 1969ರಲ್ಲಿ ಬಿಬಿಸಿ ಆರಂಭಿಸಿದ 'ಪಾಟ್ ಬ್ಲ್ಯಾಕ್' ಕಾರ್ಯಕ್ರಮ ಚೆಂಡುಗಳ ಬಣ್ಣವನ್ನು ಮನೆಮನೆಗೆ ತಲುಪಿಸಿತು. 1976ರಲ್ಲಿ ಎಂಬಸಿ ಸಿಗರೇಟು ಕಂಪನಿ ವಿಶ್ವ ಚಾಂಪಿಯನ್‌ಷಿಪ್ಪಿನ ಪ್ರಾಯೋಜಕನಾಯಿತು. ಮರುವರ್ಷ ಸ್ಪರ್ಧೆ ಕ್ರೂಸಿಬಲ್ಲಿಗೆ ಬಂದಾಗ ವಿಜೇತರ ಬಹುಮಾನ 6,000 ಪೌಂಡ್. 1985ರ ಫೈನಲ್ಲಿನ ಕೊನೆಯ ಫ್ರೇಮಿನ ಕೊನೆಯ ಕಪ್ಪು ಚೆಂಡಿನಲ್ಲಿ ಡೆನಿಸ್ ಟೇಲರ್ ಸ್ಟೀವ್ ಡೇವಿಸ್ ಅವರನ್ನು ಸೋಲಿಸಿದ್ದನ್ನು ಮಧ್ಯರಾತ್ರಿ ಕಳೆದ ಮೇಲೂ 1 ಕೋಟಿ 85 ಲಕ್ಷ ಬ್ರಿಟಿಷರು ನೋಡುತ್ತಿದ್ದರು. ಸಿಗರೇಟು ಕಂಪನಿಗಳಿಗೆ ದೂರದರ್ಶನದಲ್ಲಿ ನೇರ ಜಾಹೀರಾತು ನಿಷಿದ್ಧವಾಗಿತ್ತು. ಪಂದ್ಯದ ಹೆಸರಿನಲ್ಲಿಯೇ ತಮ್ಮ ಹೆಸರು ಕೇಳಿಸುವುದು ಅವುಗಳಿಗೆ ಲಾಭದ ವ್ಯವಹಾರವಾಗಿತ್ತು.

2002ರಲ್ಲಿ ಬ್ರಿಟನ್ ತಂಬಾಕು ಜಾಹೀರಾತು ನಿರ್ಬಂಧ ಕಾಯಿದೆಯನ್ನು ತಂದಿತು. ಮಾಸ್ಟರ್ಸ್ ಪಂದ್ಯಾವಳಿಗೆ 1975ರಿಂದ ಇದ್ದ ಬೆನ್ಸನ್ ಅಂಡ್ ಹೆಡ್ಜಸ್ ಪ್ರಾಯೋಜಕತ್ವ 2003ರಲ್ಲಿ, ಎಂಬಸಿ ಪ್ರಾಯೋಜಕತ್ವ 2005ರಲ್ಲಿ ಕೊನೆಗೊಂಡವು. ಮುಂದೆ ಬಂದವು ಬಾಜಿ ಕಂಪನಿಗಳು. ಐದು ವರ್ಷಕ್ಕೆಂದು 2006ರಲ್ಲಿ ಬಂದ ಒಂದು ಕಂಪನಿ ಮೂರು ವರ್ಷಕ್ಕೇ ಹಿಂದೆ ಸರಿಯಿತು. 2023 ಮತ್ತು 2024ರ ಪ್ರಾಯೋಜಕನಾಗಿದ್ದ ಕಾಝೂ ಎಂಬ ಹಳೆಯ ಕಾರುಗಳ ವ್ಯಾಪಾರ ಸಂಸ್ಥೆ, 2024ರ ಫೈನಲ್ ಮುಗಿದ ಅದೇ ಮೇ ತಿಂಗಳಲ್ಲಿ ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಸೇರಿತು.

2009-10ರ ಹಂಗಾಮಿಗೆ ಬರುವಷ್ಟರಲ್ಲಿ ಉಳಿದದ್ದು ಕೇವಲ ಆರು ರ‍್ಯಾಂಕಿಂಗ್ ಪಂದ್ಯಾವಳಿಗಳು. ವರ್ಷದಲ್ಲಿ ಆರೇ ಸಲ ತೆರೆಯುವ ಅಂಗಡಿಯಿಂದ ಸಂಸಾರ ನಡೆಯುವುದು ಹೇಗೆ? 2010ರ ಜೂನಿನಲ್ಲಿ ಆಟಗಾರರು ಮತ ಹಾಕಿ, 29ಕ್ಕೆ 35 ಮತಗಳಿಂದ, ಆಟದ ವಾಣಿಜ್ಯ ಕಂಪನಿಯ ಶೇ. 51ರಷ್ಟು ಪಾಲನ್ನು ಬ್ಯಾರಿ ಹರ್ನ್ ಎಂಬ ಉದ್ಯಮಿಗೆ ಒಪ್ಪಿಸಿದರು. ಆಡಳಿತದ ಹಿಡಿತ ಬಿಟ್ಟುಕೊಟ್ಟು ವಹಿವಾಟು ಪಡೆಯುವ ಈ ತೀರ್ಮಾನ ಸುಲಭದ್ದಾಗಿರಲಿಲ್ಲವೆಂದು ಮತಗಳ ಅಂತರವೇ ಹೇಳುತ್ತದೆ. ಹರ್ನ್ ಪಂದ್ಯಾವಳಿಗಳ ಸಂಖ್ಯೆಯನ್ನು ಹೆಚ್ಚಿಸಿದರು. 2013ರಿಂದ ಬಹುತೇಕ ಸ್ಪರ್ಧೆಗಳಲ್ಲಿ ಹಿರಿಯರಿಗಿದ್ದ ನೇರ ಪ್ರವೇಶದ ಸವಲತ್ತು ತೆಗೆದು, 128 ಮಂದಿಯೂ ಮೊದಲ ಸುತ್ತಿನಿಂದಲೇ ಆಡಬೇಕೆಂದು ಗೊತ್ತುಪಡಿಸಿದರು.

ಭಾರತಕ್ಕೆ ಬಂದ ಹಂಗಾಮು

ಈ ವಿಸ್ತರಣೆಯ ಅಲೆಯಲ್ಲಿಯೇ 2013ರ ಅಕ್ಟೋಬರಿನಲ್ಲಿ ಹೊಸದಿಲ್ಲಿಯಲ್ಲಿ ಮೊದಲ ಇಂಡಿಯನ್ ಓಪನ್ ನಡೆಯಿತು. ಒಟ್ಟು ಬಹುಮಾನ 3 ಲಕ್ಷ ಪೌಂಡ್, ವಿಜೇತರಿಗೆ 50,000. ಮುಂಬಯಿಯ ಆದಿತ್ಯ ಮೆಹ್ತಾ ಫೈನಲ್ ತಲುಪಿ ಚೀನಾದ ಡಿಂಗ್ ಜುನ್‌ಹುಯಿ ಅವರಿಗೆ 0-5ರಿಂದ ಸೋತರು. ರ‍್ಯಾಂಕಿಂಗ್ ಪಂದ್ಯಾವಳಿಯೊಂದರ ಫೈನಲ್ ಆಡಿದ ಮೊದಲ ಭಾರತೀಯ ಅವರು. ಆಮೇಲೆ ಪಂದ್ಯಾವಳಿ 2015ರಲ್ಲಿ ಮುಂಬಯಿ, 2016ರಲ್ಲಿ ಹೈದರಾಬಾದ್, 2017ರಲ್ಲಿ ವಿಶಾಖಪಟ್ಟಣ, 2019ರಲ್ಲಿ ಕೊಚ್ಚಿ ಹೀಗೆ ಊರೂರು ತಿರುಗಿತು. ಪ್ರತಿ ಸಲವೂ ಹೊಸ ಊರು, ಹೊಸ ಪ್ರೇಕ್ಷಕ. ಒಂದು ಊರಿನ ಖಾಯಂ ಗಿರಾಕಿಗಳನ್ನು ಕಟ್ಟಿಕೊಳ್ಳುವ ಮೊದಲೇ ಡೇರೆ ಕಿತ್ತ ಸಂತೆಯಂತೆ ಅದು ಐದು ಆವೃತ್ತಿಗಳಿಗೆ ನಿಂತುಹೋಯಿತು.

ಬೆಂಗಳೂರಿಗೆ ಈ ವೃತ್ತಿಪರ ಪಂದ್ಯಾವಳಿ ಬರಲಿಲ್ಲ. ಆದರೆ ಅಲ್ಲಿ ಬೇರೊಂದು ಬಗೆಯ ಬಂಡವಾಳವಿತ್ತು. ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯ ಮೇಜುಗಳ ಮೇಲೆ, ಅರವಿಂದ್ ಸಾವೂರ್ ಅವರ ಮಾರ್ಗದರ್ಶನದಲ್ಲಿ ಬೆಳೆದ ಪಂಕಜ್ ಅದ್ವಾನಿ 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ, ಹದಿನೆಂಟನೇ ವಯಸ್ಸಿನಲ್ಲಿ, ವಿಶ್ವ ಅಮೆಚೂರ್ ಸ್ನೂಕರ್ ಪ್ರಶಸ್ತಿ ಗೆದ್ದಿದ್ದರು. 2012-13ರಲ್ಲಿ ಅವರು ವೃತ್ತಿ ಟೂರಿಗೆ ಸೇರಿದರು. 2013ರ ವೆಲ್ಷ್ ಓಪನ್ನಿನಲ್ಲಿ ಶಾನ್ ಮರ್ಫಿ, ಗ್ರೇಮ್ ಡಾಟ್ ಅವರಂತಹ ಮಾಜಿ ವಿಶ್ವ ಚಾಂಪಿಯನ್ನರನ್ನು ಸೋಲಿಸಿ ಕ್ವಾರ್ಟರ್‌ಫೈನಲ್ ತಲುಪಿದರು. ಭಾರತೀಯರೊಬ್ಬರು ರ‍್ಯಾಂಕಿಂಗ್ ಪಂದ್ಯಾವಳಿಯಲ್ಲಿ ಅಲ್ಲಿಯವರೆಗೆ ಹೋದದ್ದು ಅದೇ ಮೊದಲು.

ಇಷ್ಟಾದರೂ ಎರಡು ಹಂಗಾಮುಗಳ ನಂತರ, 2014ರಲ್ಲಿ, ಅವರು ತಮ್ಮ ಕಾರ್ಡನ್ನು ಬಿಟ್ಟುಕೊಟ್ಟರು. ಇದನ್ನು ಸೋಲೆಂದು ಬಗೆದವರುಂಟು. ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಬೇರೆ ಚಿತ್ರ ಕಾಣುತ್ತದೆ. ಟೂರಿನಲ್ಲಿ ಉಳಿಯಬೇಕಾದರೆ ವರ್ಷದ ಬಹುಭಾಗ ಬ್ರಿಟನ್ನಿನಲ್ಲಿ ನೆಲೆಸಿ, ತನಗೆ ಅಷ್ಟೇ ಒಲಿದಿದ್ದ ಬಿಲಿಯರ್ಡ್ಸ್ ಅನ್ನು ಬದಿಗಿಡಬೇಕಿತ್ತು. ಅವರಿಗೆ ಸ್ವದೇಶದಲ್ಲಿ ಓಎನ್‌ಜಿಸಿಯ ಉದ್ಯೋಗವಿತ್ತು, ಎರಡೂ ಆಟಗಳಲ್ಲಿ ವಿಶ್ವಮಟ್ಟದ ಸ್ಪರ್ಧೆಗಳಿದ್ದವು. ಅದೇ 2014ರ ಅಕ್ಟೋಬರಿನಲ್ಲಿ ಲೀಡ್ಸ್ ನಗರದಲ್ಲಿ ಅವರು ವಿಶ್ವ ಬಿಲಿಯರ್ಡ್ಸ್‌ನ ಎರಡೂ ಪ್ರಕಾರಗಳನ್ನು ಗೆದ್ದರು. 2024ರ ನವೆಂಬರಿನಲ್ಲಿ ಅವರ ವಿಶ್ವ ಪ್ರಶಸ್ತಿಗಳ ಸಂಖ್ಯೆ 28ಕ್ಕೆ ಮುಟ್ಟಿತ್ತು. ದೊಡ್ಡ ಪೇಟೆಯ ಒಂದೇ ಸರಕಿಗಿಂತ, ತನ್ನ ನೆಲೆಯಲ್ಲಿ ನಿಂತು ಎರಡು ಸರಕನ್ನು ನಡೆಸುವುದು ಅವರಿಗೆ ಒಪ್ಪಿತವಾಯಿತು.

ಎರಡನೇ ದೊಡ್ಡ ಗಿರಾಕಿ: ಚೀನಾ

2005ರ ಚೈನಾ ಓಪನ್ನಿನಲ್ಲಿ ಆಗಷ್ಟೇ ಹದಿನೆಂಟು ತುಂಬಿದ್ದ ಡಿಂಗ್ ಜುನ್‌ಹುಯಿ, ಏಳು ಬಾರಿಯ ವಿಶ್ವ ಚಾಂಪಿಯನ್ ಸ್ಟೀಫನ್ ಹೆಂಡ್ರಿ ಅವರನ್ನು ಫೈನಲ್ಲಿನಲ್ಲಿ 9-5ರಿಂದ ಸೋಲಿಸಿದರು. ಸಿಗರೇಟಿನ ಹಣ ನಿಂತ ವರ್ಷವೇ ಚೀನಾದ ಬಾಗಿಲು ತೆರೆಯಿತು. 2018-19ರ ಹಂಗಾಮಿನಲ್ಲಿ ಚೀನಾದಲ್ಲಿ ನಾಲ್ಕು ರ‍್ಯಾಂಕಿಂಗ್ ಪಂದ್ಯಾವಳಿಗಳು ನಡೆದವು. 2019ರ ಚೈನಾ ಓಪನ್ನಿನ ಒಟ್ಟು ಬಹುಮಾನ 10 ಲಕ್ಷ ಪೌಂಡ್. ವಿಜೇತ ನೀಲ್ ರಾಬರ್ಟ್‌ಸನ್ ಅವರಿಗೆ 2 ಲಕ್ಷ 25 ಸಾವಿರ. ಅದೇ ವರ್ಷ ಕೊಚ್ಚಿಯಲ್ಲಿ ಗೆದ್ದವರಿಗೆ ಸಿಕ್ಕಿದ್ದು 50,000. ಹಣದ ಮೇಲೆಯೇ ರ‍್ಯಾಂಕಿಂಗ್ ನಿಂತಿರುವಾಗ ಚೀನಾದಲ್ಲಿ ಗೆಲ್ಲುವವನೇ ಜಗತ್ತಿನಲ್ಲಿ ಮುಂದೆ ನಿಲ್ಲುವಂತಾಯಿತು.

2020ರ ಆರಂಭದಲ್ಲಿ ಕೋವಿಡ್ ಬಂದಿತು. ಚೀನಾ ಗಡಿ ಮುಚ್ಚಿತು. 2019ರ ನವೆಂಬರಿನ ನಂತರ 2023ರ ಅಕ್ಟೋಬರಿನ ವುಹಾನ್ ಓಪನ್‌ವರೆಗೆ, ಸುಮಾರು ನಾಲ್ಕು ವರ್ಷ, ಚೀನಾದ ಮುಖ್ಯನೆಲದಲ್ಲಿ ಒಂದೂ ರ‍್ಯಾಂಕಿಂಗ್ ಪಂದ್ಯಾವಳಿ ನಡೆಯಲಿಲ್ಲ. 2020-21ರ ಹಂಗಾಮಿನ ಹೆಚ್ಚಿನ ಭಾಗ ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನ ಒಂದೇ ಸಭಾಂಗಣದಲ್ಲಿ ಸಾಗಿತು. ಆಟ ನಿಲ್ಲಲಿಲ್ಲ, ಆದರೆ ದೊಡ್ಡ ಗಿರಾಕಿಯ ಖರೀದಿ ನಿಂತಿತು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಗಂಗಾವತಿಯ ಅಕ್ಕಿ ಪೇಟೆಗೆ ಎಂತಹ ಆತಂಕ ಆವರಿಸಿತ್ತೆಂಬುದನ್ನು ನೆನೆದರೆ, ಒಂದೇ ಮೂಲವನ್ನು ನಂಬಿದವರ ಪಾಡು ನಮಗೆ ಅರ್ಥವಾಗುತ್ತದೆ.

ಪೆಟ್ಟು ಬಿದ್ದದ್ದು ಕೆಳಗಿನವರಿಗೆ

ಬೆಂಗಳೂರಿನಲ್ಲಿ 2014ರಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್‌ಷಿಪ್ ನಡೆದಾಗ ಚೀನಾದ ಹದಿನಾಲ್ಕು ವರ್ಷದ ಯಾನ್ ಬಿಂಗ್‌ಟಾವೊ, ಪಾಕಿಸ್ತಾನದ ಮುಹಮ್ಮದ್ ಸಜ್ಜಾದ್ ಅವರನ್ನು 8-7ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿದ್ದ. ಆ ಪ್ರಶಸ್ತಿ ಪಡೆದವರಲ್ಲೇ ಅತ್ಯಂತ ಕಿರಿಯನೆಂದು ಹೆಸರಾದ. ವೃತ್ತಿಪರನಾಗಿ ಅವರು 2021ರಲ್ಲಿ ಮಾಸ್ಟರ್ಸ್ ಪ್ರಶಸ್ತಿಯನ್ನೂ ಎರಡೂವರೆ ಲಕ್ಷ ಪೌಂಡ್ ಬಹುಮಾನವನ್ನೂ ಪಡೆದರು. 2023ರ ಜೂನಿನಲ್ಲಿ ಅದೇ ಯಾನ್ ಅವರಿಗೆ ಪಂದ್ಯಗಳ ಫಲಿತಾಂಶವನ್ನು ಮೊದಲೇ ಗೊತ್ತುಮಾಡಿಕೊಂಡ ಅಪರಾಧಕ್ಕಾಗಿ ಐದು ವರ್ಷದ ನಿಷೇಧ ಬಿತ್ತು. ಒಟ್ಟು ಹತ್ತು ಚೀನೀ ಆಟಗಾರರು ಶಿಕ್ಷೆಗೊಳಗಾದರು. ಕಿರಿಯರನ್ನು ಈ ಜಾಲಕ್ಕೆ ಎಳೆದರೆಂದು ಲಿಯಾಂಗ್ ವೆನ್‌ಬೊ ಮತ್ತು ಲಿ ಹಾಂಗ್ ಅವರನ್ನು ಆಜೀವ ಹೊರಗಿಡಲಾಯಿತು.

ತಪ್ಪು ತಪ್ಪೇ; ಅದನ್ನು ಬಡತನದ ಹೆಸರಿನಲ್ಲಿ ಮನ್ನಿಸಲಾಗದು. ಯಾನ್ ಅವರಂತೂ ಬಡವರಾಗಿರಲಿಲ್ಲ. ಆದರೂ ಈ ವೃತ್ತಿಯ ರಚನೆಯನ್ನು ಗಮನಿಸದೆ ಮುಂದೆ ಹೋಗಲಾಗದು. ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಸಂಬಳವಿಲ್ಲದೆ, ಮನೆಯ ಕಡೆಯ ದೊಡ್ಡ ಪಂದ್ಯಾವಳಿಗಳೆಲ್ಲ ರದ್ದಾಗಿ ಕುಳಿತ ತರುಣರ ಬಳಿಗೆ ಬಾಜಿಯವರು ಬಂದರೆ ಕಾಯುವವರು ಯಾರು? ಪ್ರಾಯೋಜಕರ ಪಟ್ಟಿಯಲ್ಲಿಯೇ ಬಾಜಿ ಕಂಪನಿಗಳ ಹೆಸರುಗಳು ಬಹುಕಾಲ ಮಿಂಚುತ್ತಿದ್ದವೆಂಬುದನ್ನೂ ಮರೆಯಬಾರದು. 2022-23ರ ಹಂಗಾಮಿನಿಂದ ಟೂರಿನ ಪ್ರತಿ ಆಟಗಾರನಿಗೆ ಕನಿಷ್ಠ 20,000 ಪೌಂಡ್ ಗಳಿಕೆಯ ಖಾತರಿಯನ್ನು ಆಡಳಿತ ತಂದಿತು. ಗೆದ್ದ ಬಹುಮಾನ ಅದಕ್ಕಿಂತ ಕಡಿಮೆಯಾದರೆ ಉಳಿದದ್ದನ್ನು ಟೂರ್ ತುಂಬಿಕೊಡುತ್ತದೆ. ಕೆಳಗಿನವನು ಉಳಿದರೆ ಮಾತ್ರ ಮೇಲಿನವನ ಪಂದ್ಯಕ್ಕೆ ಎದುರಾಳಿ ಇರುತ್ತಾನೆ ಎಂಬ ತಿಳಿವಳಿಕೆ ಇದರಲ್ಲಿದೆ.

ಶಿಕ್ಷೆಗೊಳಗಾದ ಹತ್ತು ಮಂದಿಯಲ್ಲಿ ಝಾವೊ ಶಿನ್‌ಟಾಂಗ್ ಕೂಡ ಒಬ್ಬರು. ತಾವು ಯಾವ ಪಂದ್ಯವನ್ನೂ ಮಾರಿಕೊಳ್ಳದಿದ್ದರೂ, ಬೇರೊಬ್ಬರ ಅಕ್ರಮದಲ್ಲಿ ಭಾಗಿಯಾಗಿ ಬಾಜಿ ಕಟ್ಟಿದ್ದಕ್ಕಾಗಿ ಅವರಿಗೆ 20 ತಿಂಗಳ ನಿಷೇಧವಾಗಿತ್ತು. 2024ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿಸಿ ಕಾರ್ಡಿಲ್ಲದ ಅಮೆಚೂರ್ ಆಗಿ ಮರಳಿದ ಅವರು, ಅರ್ಹತಾ ಸುತ್ತುಗಳಿಂದ ಆಡುತ್ತ ಬಂದು 2025ರ ಮೇ ತಿಂಗಳಲ್ಲಿ ಕ್ರೂಸಿಬಲ್ಲಿನಲ್ಲಿ ಮಾರ್ಕ್ ವಿಲಿಯಮ್ಸ್ ಅವರನ್ನು 18-12ರಿಂದ ಸೋಲಿಸಿದರು. ಏಷ್ಯಾದ ಮೊದಲ ವಿಶ್ವ ಚಾಂಪಿಯನ್ ಎಂಬ ಹೆಸರೂ 5 ಲಕ್ಷ ಪೌಂಡ್ ಬಹುಮಾನವೂ ಅವರದಾದವು.

ನಮ್ಮ ಕಿರ್ದಿಗೆ ಬರೆದುಕೊಳ್ಳಬೇಕಾದದ್ದು

ಈಗ ಮೂರನೆಯ ದೊಡ್ಡ ಗಿರಾಕಿಯೂ ಬಾಗಿಲಿಗೆ ಬಂದದ್ದಾಗಿದೆ. 2024ರಲ್ಲಿ ಜೆಡ್ಡಾದಲ್ಲಿ ಮೊದಲ ಬಾರಿ ನಡೆದ ಸೌದಿ ಅರೇಬಿಯಾ ಮಾಸ್ಟರ್ಸ್‌ನ ಒಟ್ಟು ಬಹುಮಾನ 20 ಲಕ್ಷ ಪೌಂಡ್ ದಾಟಿತ್ತು. ಗೆದ್ದ ಜಡ್ ಟ್ರಂಪ್ ಅವರಿಗೆ 5 ಲಕ್ಷ ಸಂದಿತು. ಒಂದೇ ವಾರದ ಆಟ ವಿಶ್ವ ಚಾಂಪಿಯನ್‌ಷಿಪ್ಪಿನಷ್ಟೇ ತೂಗುವಂತಾಯಿತು. ಸಿಗರೇಟು, ಬಾಜಿ, ಚೀನಾ ಇವುಗಳ ಚರಿತ್ರೆಯನ್ನು ಓದಿದವರು ಇಂಥ ಹಣವನ್ನು ಸಂತೋಷದಿಂದಲೇ ಪಡೆದರೂ, ಅದನ್ನು ಖಾಯಂ ಆದಾಯವೆಂದು ಬರೆದುಕೊಳ್ಳಲಾರರು.

ನಮ್ಮ ಸದಸ್ಯರು ಇದರಿಂದ ಗ್ರಹಿಸಬಹುದಾದ ಅಂಶಗಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು.

1. ವಹಿವಾಟಿನ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಖರೀದಿದಾರನಿಂದ ಬರುತ್ತಿದ್ದರೆ, ಅವನು ನಾಳೆ ನಿಂತರೆ ಎಷ್ಟು ತಿಂಗಳು ತಾಳಬಲ್ಲೆವು ಎಂಬ ಲೆಕ್ಕವನ್ನು ಲಾಭದ ವರ್ಷದಲ್ಲಿಯೇ ಹಾಕಿಡಬೇಕು.

2. ಒಂದು ವರ್ಷದ ಅಸಾಧಾರಣ ಜಮಾ ಮುಂದಿನ ವರ್ಷದ ಅಳತೆಗೋಲಲ್ಲ. ಬ್ರೆಸೆಲ್ ಅವರ 5 ಲಕ್ಷ ಪೌಂಡಿನಂತೆ ಅದು ಒಂದು ದಿನ ಪುಸ್ತಕದಿಂದ ಕಳಚುತ್ತದೆ.

3. ದೊಡ್ಡ ಪೇಟೆಗೆ ಹೋಗುವುದೊಂದೇ ಬೆಳವಣಿಗೆಯಲ್ಲ. ಖರ್ಚು, ದೂರ, ಕೈಯಲ್ಲಿರುವ ಬೇರೆ ಕಸುಬು ಇವನ್ನೆಲ್ಲ ತೂಗಿ ಹಿಂದಿರುಗುವುದೂ ವಿವೇಕದ ತೀರ್ಮಾನವಾಗಬಹುದು.

4. ಹಮಾಲರು, ಸಣ್ಣ ಪೂರೈಕೆದಾರರು, ಉದರಿಯ ಮೇಲೆ ಸರಕು ಒಯ್ಯುವ ಹಳ್ಳಿಯ ಅಂಗಡಿಯವರು ನಮ್ಮ ವಹಿವಾಟಿನ ಕೆಳಗಿನ ಸುತ್ತಿನ ಆಟಗಾರರು. ಕೆಟ್ಟ ಹಂಗಾಮಿನಲ್ಲಿ ಅವರ ಬಾಕಿಯನ್ನು ಮೊದಲು ಚುಕ್ತಾ ಮಾಡುವ ಪೇಟೆ ಮುಂದಿನ ಹಂಗಾಮಿಗೂ ಉಳಿಯುತ್ತದೆ.

ಜಬಲ್ಪುರದ ಶಿಬಿರದಲ್ಲಿ ಮಳೆಗಾಲದ ಬೇಸರ ಕಳೆಯಲು ಹುಟ್ಟಿತೆನ್ನುವ ಆಟ ನೂರೈವತ್ತು ವರ್ಷಗಳಲ್ಲಿ ಜಗತ್ತು ಸುತ್ತಿದೆ. ಭಾರತಕ್ಕೆ ಅದರ ವೃತ್ತಿಪರ ಹಂಗಾಮು ಐದು ಸಲ ಬಂದು, 2019ರಲ್ಲಿ ಕೊಚ್ಚಿಯಿಂದ ಹಿಂದಿರುಗಿತು. ಅಂಥದ್ದು ಮತ್ತೆ ಬರುವುದಾದರೆ ಒಂದು ಊರಿನಲ್ಲಿ ನೆಲೆಯೂರುವಂತೆ, ಒಬ್ಬನ ಹಣದ ಬದಲು ಹತ್ತು ಮಂದಿಯ ಪಾಲಿನ ಮೇಲೆ ನಿಲ್ಲುವಂತೆ ಬರಲಿ. ಸಂತೆ ಊರಿನದಾಗುವುದು ವಾರವಾರವೂ ಅದೇ ಜಾಗದಲ್ಲಿ ಸೇರಿದಾಗಲೇ ಎಂಬುದನ್ನು ನಮ್ಮ ಹಿರಿಯ ವರ್ತಕರು ಚೆನ್ನಾಗಿ ಬಲ್ಲರು.